ಕುದುರೆಗೆ ಬೆನ್ನು ಹಾಕಿ ಕೂರುವ ಕೆಲಸ

ಮೊನ್ನೆ ಬಸವಕಲ್ಯಾಣದಿಂದ ಒಬ್ಬ ತರುಣ ನನ್ನನ್ನು ಹುಡುಕಿಕೊಂಡು ಹುಮನಾಬಾದಿಗೆ ಬಂದಿದ್ದ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡಲು ಕುದುರೆ ಕೊಂಡಿದ್ದಾನಂತೆ. ನಾನು ಈ ಕಸುಬಿನಿಂದ ನಿವೃತ್ತನಾದವನೆಂದು ಯಾರೋ ಹೇಳಿ ಕಳಿಸಿದ್ದರು. ನಿವೃತ್ತಿ ಎನ್ನುವುದು ದೊಡ್ಡ ಮಾತು. ಮೊಣಕಾಲು ಬಗ್ಗುವುದು ನಿಂತಿತು, ಕೆಲಸ ಬಿಟ್ಟೆ, ಅಷ್ಟೆ. ಹಾರ ಹಾಕಿದವರಿಲ್ಲ, ಭಾಷಣ ಮಾಡಿದವರಿಲ್ಲ. ಬಂದವನು ಚಹಾ ಮುಗಿಸಿ, ಬಾಯಿ ಒರೆಸಿಕೊಂಡು ಕೇಳಿದ:

“ಕಾಕಾ, ಕುದುರಿ ಜಲ್ದಿ ಹದಕ್ಕ ಬರಬೇಕಂದ್ರ ಯಾವ ಚಾಬೂಕ ಚಲೋರಿ?”

ಇದಕ್ಕೆ ನನ್ನ ಹತ್ತಿರ ಒಂದು ಚಿಕ್ಕ ಉತ್ತರ ಇತ್ತು. ಮನೆಯಲ್ಲಿ ಹೆಣ್ಣುಮಕ್ಕಳು ಇದ್ದುದರಿಂದ ನುಂಗಿಕೊಂಡೆ. ಅವನು ಬಂದ ದಾರಿಗೆ ಸುಂಕವಿಲ್ಲದೆ ಹೋದನಲ್ಲ ಎಂದು ಆಮೇಲೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಕಸುಬಿಗೆ ಬರುವ ಇನ್ನೂ ನಾಲ್ಕು ಜನ ಇದ್ದರೆ ಅವರೂ ಓದಲಿ. ಚಾಬೂಕಿನ ವಿಷಯ ತಿಳಿಯಲು ಬಂದವರು ಇಲ್ಲಿಗೇ ನಿಲ್ಲಿಸಬಹುದು, ಮುಂದೆ ಅದರ ಬಗ್ಗೆ ಹೆಚ್ಚೇನೂ ಇಲ್ಲ.

ಕನ್ನಡ ಮಾತಾಡುವವರ ರಾಜ್ಯ ಒಂದಾದ ವರ್ಷ ನಾನು ಹುಮನಾಬಾದಿನ ವೀರಭದ್ರಪ್ಪ ಸಾವಕಾರರ ತಬೇಲೆಯಲ್ಲಿ ಕೆಲಸಕ್ಕೆ ಸೇರಿದೆ. ಅವರ ಹತ್ತಿರ ಟಾಂಗಾ ಎಳೆಯುವ ಕುದುರೆಗಳಿದ್ದವು, ಮದುಮಗನನ್ನು ಹೊರುವ ಕುದುರೆಗಳೂ ಇದ್ದವು. ನಾವಿನ್ನು ಹೈದರಾಬಾದಿನವರಲ್ಲ, ಮೈಸೂರಿನವರು ಎಂದು ಊರೆಲ್ಲ ಪೇಢೆ ಹಂಚುತ್ತಿದ್ದಾಗ ನಾನು ಬುಟ್ಟಿ ತುಂಬ ಲದ್ದಿ ಹೊತ್ತು ತಿಪ್ಪೆಗೆ ಹೋಗುತ್ತಿದ್ದೆ. ರಾಜ್ಯ ಬದಲಾದದ್ದು ಕುದುರೆಗಳಿಗೆ ಗೊತ್ತಾದಂತೆ ಕಾಣಲಿಲ್ಲ.

ಸಾವಕಾರರ ತಬೇಲೆಯಲ್ಲಿ ಕುದುರೆ ಪಳಗಿಸುವ ವಿದ್ಯೆ ಬಹಳ ಸರಳವಾಗಿತ್ತು. ಹೊಸ ಕುದುರೆಯ ಕಾಲಿಗೆ ಹಗ್ಗ ಹಾಕಿ ಕೆಡವುವುದು, ಹೊಟ್ಟೆಗೆ ಹಾಕದೆ ಕಟ್ಟುವುದು, ಏಳಲು ಹೋದರೆ ಬಾರಿಸುವುದು, ಏಳದಿದ್ದರೂ ಬಾರಿಸುವುದು. ಬೆನ್ನ ಮೇಲೆ ಮೊದಲು ಮರಳಿನ ಚೀಲ ಹೇರುತ್ತಿದ್ದರು, ಆಮೇಲೆ ನನ್ನನ್ನು. ಚೀಲ ಬಿದ್ದರೆ ಒಡೆದು ಮರಳು ಹಾಳಾಗುತ್ತದೆ ಎಂದು ಸಾವಕಾರರು ಬೇಗನೆ ನನ್ನ ಸರದಿಗೆ ಬರುತ್ತಿದ್ದರು. ಹೀಗಾಗಿ ನಾನು ಕುದುರೆ ಹತ್ತುವುದಕ್ಕಿಂತ ಮೊದಲು ಬೀಳುವುದನ್ನು ಕಲಿತೆ. ಚಾಬೂಕು ದೇವರ ಪಟದ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಏರಿಸುತ್ತಿದ್ದರು. ಕುದುರೆಗಳಿಗೆ ಏರಿಸುತ್ತಿದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ.

ಇಂಥ ಜಾಗಕ್ಕೆ ಮಹಬೂಬಸಾಬ್ ಉಸ್ತಾದರು ಬಂದರು. ಕಲ್ಯಾಣದ ಜಹಗೀರುದಾರರೊಬ್ಬರ ಕುದುರೆಗಳನ್ನು ನೋಡಿಕೊಂಡಿದ್ದವರು. ಜಹಗೀರು ಹೋಯಿತು, ಕುದುರೆಗಳು ಹರಾಜಾದವು, ಉಸ್ತಾದರು ಉಳಿದರು. ‘ನವಾಬರ ಕಡೆಯ ಉಸ್ತಾದ ನಮ್ಮಲ್ಲಿ ಇದ್ದಾನೆ’ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ ಎಂದು ಸಾವಕಾರರು ಅವರನ್ನು ಕರೆತಂದರು. ಉಸ್ತಾದ ಬಂದ ಮೇಲೆ ಏನು ಮಾಡುತ್ತಾನೆ ಎಂದು ಕೇಳಿಕೊಂಡಿರಲಿಲ್ಲ.

ಉಸ್ತಾದರು ಏನೂ ಮಾಡಲಿಲ್ಲ. ಆಗ ನಮ್ಮಲ್ಲಿ ಕಚ್ಚುವ ಒಂದು ಗಂಡು ಕುದುರೆ ಇತ್ತು. ಯಾರ ಹೆಗಲಿನ ಮಾಂಸ ಎಷ್ಟು ರುಚಿ ಎಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅಂಗಳದೊಳಗೆ ಬಿಚ್ಚಿಬಿಡಲು ಹೇಳಿ, ನಡುವೆ ಒಂದು ಗೋಣಿಚೀಲ ಹಾಸಿ, ಕುದುರೆಗೆ ಬೆನ್ನು ಹಾಕಿ ಕೂತು ಅಡಿಕೆ ಕತ್ತರಿಸತೊಡಗಿದರು. ಸಾವಕಾರರು ಬಾಗಿಲಲ್ಲಿ ನಿಂತು ನೋಡಿದರು.

“ಉಸ್ತಾದ, ಏನ್ ಮಾಡಾಕತ್ತೀರಿ?”

“ಕುಂತೀನಿ ಸಾವಕಾರ.”

“ಅದು ಕಾಣ್ತದ. ಕೆಲಸ ಯಾವಾಗ ಶುರು?”

“ಇದೇ ಕೆಲಸರಿ. ಈಗ ಆ ಸಾಹೇಬರ ಕೆಲಸ ನಡದದ, ನಮ್ಮದು ಆಮ್ಯಾಲ.”

ಸಾಹೇಬರೆಂದರೆ ಕುದುರೆ. ಸಾವಕಾರರು ಹುಬ್ಬು ಗಂಟಿಕ್ಕಿ ಒಳಗೆ ಹೋದರು. ಬಿಸಿಲು ಏರಿತು, ಇಳಿಯಿತು. ಉಸ್ತಾದರ ಅಡಿಕೆ ಮುಗಿಯುವ ಹೊತ್ತಿಗೆ ಕುದುರೆ ಅಂಗಳದ ಮೂಲೆಯಿಂದ ಒಂದೊಂದೇ ಹೆಜ್ಜೆ ಇಡುತ್ತ ಬಂದು ಅವರ ಟೋಪಿಯನ್ನು ಮೂಸಿತು. ಅವರು ತಿರುಗಲಿಲ್ಲ. ಟೋಪಿ ಎತ್ತಿಕೊಂಡು ಹೋಯಿತು, ಆಗಲೂ ತಿರುಗಲಿಲ್ಲ. ತಾನೇ ತಂದು ಅವರ ಮುಂದೆ ಹಾಕಿತು. ಆಗ ಅವರು ಮೆಲ್ಲಗೆ ಕೈ ಎತ್ತಿ ಅದರ ಹೆಗಲಿನ ಮೇಲುಗಡೆ, ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವ ಜಾಗದಲ್ಲಿ ಕೆರೆದರು. ಕುದುರೆ ಕೆಳತುಟಿ ಜೋಲು ಬಿಟ್ಟು ನಿಂತಿತು. ನಾವು ಕೋಲು ಹಿಡಿದವರೆಲ್ಲ ನಮ್ಮ ಕೋಲುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೆವು.

ನನ್ನ ವಿದ್ಯಾಭ್ಯಾಸ ಅಂದು ಶುರುವಾಯಿತು. ಕುದುರೆಯ ಕಣ್ಣಿಗೆ ನೇರವಾಗಿ ನಡೆಯಬೇಡ, ವಾರೆಯಾಗಿ ಹೋಗು. ಅದು ನಿಂತರೆ ನೀನೂ ನಿಲ್ಲು. ಜೀನು ಹಾಕುವ ಮೊದಲು ಜೀನನ್ನು ಮೂಸಲು ಕೊಡು. ಬಾಜಾ ಬಾರಿಸುವವರನ್ನು ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿ, ಕುದುರೆ ಹುರುಳಿ ತಿನ್ನುವ ಹೊತ್ತಿಗೆ ಬಾರಿಸಲು ಹೇಳು, ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಕರೆ. ಕೇಳಲು ಏನೂ ಕಷ್ಟವಿಲ್ಲ. ಆದರೆ ಕೈಗೆ ಕೆಲಸವಿಲ್ಲದೆ ಬೆನ್ನು ಹಾಕಿ ಕೂರುವುದು ಎಷ್ಟು ಕಷ್ಟವೆಂದು ಕೂತವರಿಗೇ ಗೊತ್ತು. ಹಿಂದಿನಿಂದ ಕುದುರೆಯ ಉಸಿರು ಕೇಳುತ್ತದೆ. ಬೆನ್ನುಹುರಿ ತಾನಾಗಿ ತಿರುಗಿ ನೋಡಬೇಕೆನ್ನುತ್ತದೆ. ಬಾರಿಸುವುದು ಸುಲಭ, ಅದಕ್ಕೇ ಅಷ್ಟು ಜನ ಅದನ್ನೇ ಮಾಡುತ್ತಾರೆ.

ಸಾವಕಾರರಿಗೆ ಈ ವಿದ್ಯೆಯಲ್ಲಿ ಒಂದೇ ಒಂದು ಅಂಶ ಅರ್ಥವಾಯಿತು, ಅದೂ ತಪ್ಪಾಗಿ. ಉಸ್ತಾದರು ಆಗೀಗ ಕುದುರೆಗೆ ಬೆಲ್ಲದ ಚೂರು ಕೊಡುವುದನ್ನು ಅವರು ನೋಡಿದ್ದರು. ರಹಸ್ಯ ಸಿಕ್ಕಿತು ಎಂದುಕೊಂಡು ರಾಜೇಶ್ವರದ ಒಂದು ಮದುವೆಗೆ ಹೊರಟ ಕುದುರೆಯನ್ನು ಸಮಾಧಾನದಲ್ಲಿ ಇಡಲು ಮದುಮಗನ ಶೇರವಾನಿಯ ಜೇಬಿನಲ್ಲೇ ಬೆಲ್ಲದ ಅಚ್ಚು ಇಡಿಸಿದರು. ಉಸ್ತಾದರು ಅಂದು ಜ್ವರ ಬಂದು ಮಲಗಿದ್ದರು. ಮೆರವಣಿಗೆ ಹೊರಟಿತು. ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕುದುರೆಗೆ ತಿಳಿಯಿತು. ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಮೇಲೆ ಕೂತವನ ಜೇಬನ್ನು ಹಿಡಿಯಲು ಹೋಗಿ, ಅದು ನಿಂತಲ್ಲೇ ಸುತ್ತತೊಡಗಿತು. ಬಾಜಾದವರು ಮುಂದೆ ಹೋಗಿಬಿಟ್ಟರು. ಬೀಗರು ಕುದುರೆಯ ಸುತ್ತ, ಕುದುರೆ ತನ್ನ ಸುತ್ತ. ಕೊನೆಗೆ ಜೇಬು ಹರಿದು ಬಂತು, ಬೆಲ್ಲ ಹೋಯಿತು, ಶೇರವಾನಿಯ ಒಂದು ಬದಿ ಜೋತಾಡಿತು. ಮದುಮಗ ಮಂಟಪಕ್ಕೆ ಹೋದದ್ದು ಟವೆಲ್ ಹೊದ್ದು.

“ನಿನ್ನ ಬೆಲ್ಲದ ವಿದ್ಯಾ ಫೇಲ್ ಆತು ನೋಡು” ಎಂದು ಸಾವಕಾರರು ಉಸ್ತಾದರ ಮೇಲೆಯೇ ಹಾಯ್ದರು.

ಉಸ್ತಾದರು ಕಂಬಳಿಯೊಳಗಿಂದ, “ಕುದುರಿದು ಏನೂ ಗಲತಿ ಇಲ್ರಿ. ಊಟ ಬೆನ್ನ ಮ್ಯಾಲ ಇಟ್ರ ಮುಂದ ಯಾಕ ಹೋಗಬೇಕು ಅದು?” ಎಂದರು.

ಇನ್ನು ಸಿದ್ರಾಮಪ್ಪನವರ ವಿಷಯ. ನಮ್ಮ ಕಡೆ ಪ್ರಾಣಿ ಕೊಳ್ಳುವ ಮೊದಲು ಸುಳಿ ನೋಡುತ್ತಾರೆ. ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗವೇ ಸುಳಿ. ಎದೆಯ ಮೇಲಿದ್ದರೆ ಲಾಭ, ಸೊಂಟದ ಮೇಲಿದ್ದರೆ ನಷ್ಟ, ಹೀಗೆ ಅದಕ್ಕೊಂದು ದೊಡ್ಡ ಶಾಸ್ತ್ರ. ಹುಮನಾಬಾದಿನಲ್ಲಿ ಆ ಶಾಸ್ತ್ರವೆಂದರೆ ಸಿದ್ರಾಮಪ್ಪನವರು. ಶುಭ್ರ ಧೋತರ, ತಲೆಗೆ ರುಮಾಲು, ಮಾತಿಗೆ ಮೊದಲು ಒಂದು ಕೆಮ್ಮು. ಎತ್ತು, ಎಮ್ಮೆ, ಕುದುರೆ ಎಲ್ಲಕ್ಕೂ ಅವರದೇ ತಪಾಸಣೆ. ಹೆಣ್ಣು ನೋಡಲು ಹೋಗುವವರೂ ಅವರನ್ನೇ ಕರೆದೊಯ್ಯುತ್ತಿದ್ದರು, ಹುಡುಗಿಯ ನೆತ್ತಿಯ ಸುಳಿ ನೋಡಲು. ಬೆಳಿಗ್ಗೆ ಎಮ್ಮೆ, ಮಧ್ಯಾಹ್ನ ಹುಡುಗಿ. ನಡುವೆ ಕೈ ತೊಳೆಯುತ್ತಿದ್ದರೋ ಇಲ್ಲವೋ ನಾನು ನೋಡಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ಸಾವಕಾರರು ದನದ ಬಜಾರಿನಿಂದ ಬಿಳಿ ಹೆಣ್ಣು ಕುದುರೆಯೊಂದನ್ನು ಹೊಡೆಸಿಕೊಂಡು ಬಂದರು. ಹಾಲಿನ ಬಣ್ಣ, ನೀಳವಾದ ಕತ್ತು. ಅಗ್ಗಕ್ಕೆ ಸಿಕ್ಕಿತೆಂದು ದಾರಿಯುದ್ದಕ್ಕೂ ಮಾರಿದವನ ದಡ್ಡತನವನ್ನು ಹೊಗಳುತ್ತ ಬಂದಿದ್ದರಂತೆ. ನಾನು ಮೈ ತೊಳೆಯಲು ನೀರು ಹಾಕಿದೆ. ಎಡಗಣ್ಣಿನ ಕೆಳಗೆ ಗೋಂದಿನಿಂದ ಅಂಟಿಸಿ ನಯ ಮಾಡಿದ್ದ ಕೂದಲು ಎದ್ದು ಬಂದು, ಅಚ್ಚುಕಟ್ಟಾದ ಒಂದು ಸುಳಿ ಕಾಣಿಸಿತು. ಮಾರಿದವನು ದಡ್ಡನಾಗಿರಲಿಲ್ಲ.

ಸಿದ್ರಾಮಪ್ಪನವರು ಬಂದರು, ಕೆಮ್ಮಿದರು.

“ಕಣ್ಣೀರ ಸುಳಿ ಇದು. ಯಾರ ಮನಿ ಮುಂದ ಇದು ಹೋಗ್ತದ ಆ ಮನ್ಯಾಗ ಅಳು ತಪ್ಪಂಗಿಲ್ಲ. ಮದವಿಗಂತೂ ಬ್ಯಾಡೇ ಬ್ಯಾಡ.”

ಸಾವಕಾರರ ಮುಖ ಬಾಡಿತು. ಮಾರಬೇಕೆಂದರೆ ಕೊಳ್ಳುವವರೂ ಸುಳಿ ನೋಡುವವರೇ. ರಾಜೇಶ್ವರದ ದಾರಿಯಲ್ಲಿ ಒಂದು ಇಟ್ಟಿಗೆ ಭಟ್ಟಿ ಇತ್ತು. ಅಲ್ಲಿ ಮಾತ್ರ ಸುಳಿ ಕೇಳುವುದಿಲ್ಲ, ನಾಲ್ಕು ಕಾಲು ಇದ್ದರೆ ಸಾಕು. ಅಲ್ಲಿಗೆ ಹೋದ ಕುದುರೆಗಳನ್ನು ನಾನು ನೋಡಿದ್ದೆ. ಹೆಗಲು ಹುಣ್ಣಾಗಿ, ಹುಣ್ಣಿನ ಮೇಲೆಯೇ ಹೊರೆ ಬಿದ್ದು, ಒಂದು ಬೇಸಿಗೆ ಕಳೆಯುವುದರಲ್ಲಿ ಮುಗಿಯುತ್ತಿದ್ದವು. ಬಿಳಿ ಕುದುರೆಯನ್ನು ಅಲ್ಲಿಗೆ ಕಳಿಸುವುದೆಂದು ತೀರ್ಮಾನವಾಯಿತು.

ಉಸ್ತಾದರು ಯಾರ ಮುಂದೂ ಕೈ ಒಡ್ಡಿದವರಲ್ಲ. ಅಂದು ಸಾವಕಾರರ ಮುಂದೆ ನಿಂತು ಕೇಳಿದರು: “ಮದವಿ ಹಂಗಾಮ ಮುಗಿಯೋ ತನಕ ನನಗ ಕೊಡ್ರಿ. ಇಂಥ ದಿಲ್ ಇರೋ ಕುದುರಿ ನಾ ನೋಡಿಲ್ಲ. ಒಬ್ಬ ಮದುಮಗ ಹತ್ತಿದ್ರೂ ಇಲ್ಲೇ ಇರಲಿ, ಯಾರೂ ಹತ್ತಲಿಲ್ಲಂದ್ರ ಭಟ್ಟಿಗೆ ಕಳಿಸ್ರಿ. ನಾನೂ ಹೋಗ್ತೀನಿ.”

ಸಾವಕಾರರು ಒಪ್ಪಿದರು. ಒಂದು ಕುದುರೆ ಮತ್ತು ಒಬ್ಬ ಮುದುಕ ಇಬ್ಬರ ಮೇವೂ ಒಟ್ಟಿಗೇ ಉಳಿಯುತ್ತದೆ ಎಂದು ಅವರ ಲೆಕ್ಕ.

ಉಸ್ತಾದರು ಅದಕ್ಕೆ ರೇಶಮಾ ಎಂದು ಹೆಸರಿಟ್ಟರು. ಅವರ ಕಾಲುಗಳು ಆಗಲೇ ಸೋತಿದ್ದವು. ಅವರು ಗೋಣಿಯ ಮೇಲೆ ಕೂತು ಹೇಳುವುದು, ನಾನು ಮಾಡುವುದು. ರೇಶಮಾ ಬಹಳ ಅಂಜುಬುರುಕಿ. ಮೊದಲಿದ್ದ ಕಡೆ ಯಾರೋ ಚೆನ್ನಾಗಿ ಪಳಗಿಸಿದ್ದರು, ಅಂದರೆ ಕೈ ಎತ್ತಿದರೆ ಸಾಕು ನಡುಗುತ್ತಿತ್ತು. ಅದಕ್ಕೆ ಬಾಜಾ ಅಭ್ಯಾಸವಾಯಿತು, ಪಟಾಕಿ ಅಭ್ಯಾಸವಾಯಿತು. ಆದರೆ ಮದುಮಗನ ಬಾಸಿಂಗ ಮಾತ್ರ ಆಗಲಿಲ್ಲ. ಹಣೆಗೆ ಕಟ್ಟಿದ ಬೆಂಡಿನ ಬಾಸಿಂಗ, ಮುಖದ ಮುಂದೆ ಅಲ್ಲಾಡುವ ಹೂವಿನ ಎಳೆ ಕಂಡರೆ ಬೆದರಿ ಗೋಡೆಗೆ ಒರಗುತ್ತಿತ್ತು.

“ಶರಣಪ್ಪ, ನೀ ಕಟ್ಟಕೋ ಬೇಟಾ” ಎಂದರು ಉಸ್ತಾದರು.

ನಾನು ಕಟ್ಟಿಕೊಂಡೆ. ಬಾಸಿಂಗ ಕಟ್ಟಿಕೊಂಡೇ ಲದ್ದಿ ಬಳಿದೆ, ನೀರು ಹೊತ್ತೆ, ಮೈ ಉಜ್ಜಿದೆ. ಬಾಸಿಂಗ ಕಟ್ಟಿಕೊಂಡು ಕುದುರೆಗೆ ಬೆನ್ನು ಹಾಕಿ ಕೂತೆ. ಆಮೇಲೆ ಅದರ ಮೇಲೆ ಕೂತು ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಂದೆ. ಬಾಸಿಂಗವನ್ನು ಜನ್ಮಕ್ಕೊಮ್ಮೆ ಕಟ್ಟುವುದು ಎಂದು ನಮ್ಮಲ್ಲಿ ನಂಬಿಕೆ. ಮದುವೆಯಾಗದವನು ಆಟಕ್ಕೆ ಕಟ್ಟಿಕೊಂಡರೆ ಮತ್ತೆ ಕಟ್ಟುವ ಯೋಗ ಬರುವುದಿಲ್ಲವಂತೆ. ನನ್ನ ಅವ್ವ ತಬೇಲೆಯ ಬಾಗಿಲಿಗೆ ಬಂದು ಗೋಳಾಡಿದಳು.

“ನನ್ನ ಮಗನ ಮದವಿ ಒಂದ ಕುದುರಿ ಜೋಡಿ ಮಾಡಿ ಬಿಟ್ರಲ್ಲ ಉಸ್ತಾದ.”

ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರಿಗೆ ಬೇಸಿಗೆಯಿಡೀ ಮನರಂಜನೆ ಸಿಕ್ಕಿತು. “ಏನ್ ಶರಣಪ್ಪ, ಇವತ್ತ ಎಲ್ಲಿ ಅಕ್ಕಿಕಾಳು?” ಎಂದು, ಅಂದರೆ ಅಕ್ಷತೆ ಎಲ್ಲಿ ಎಂದು, ದಿನವೂ ಕೇಳುವವರು. ಕೇಳಿದವರೇ ಮರುದಿನವೂ ಅದನ್ನೇ ಕೇಳಿ ಮೊದಲ ಸಲದಷ್ಟೇ ನಗುತ್ತಿದ್ದರು. ಹೆಣ್ಣಿನ ಕಡೆಯವರು ಎರಡು ಊರುಗಳಿಂದ ನನ್ನನ್ನು ನೋಡಲು ಬಂದವರು ನಾನು ಬಾಸಿಂಗದಲ್ಲಿ ಕುದುರೆಯ ಮೇಲೆ ಹೋಗುವುದನ್ನು ಕಂಡು, ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದರು.

ರೇಶಮಾ ಪಳಗಿತು. ಲಗಾಮು ಎಳೆಯುವುದೇ ಬೇಡ, ನಾನು ಉಸಿರು ಬಿಟ್ಟರೆ ನಿಲ್ಲುತ್ತಿತ್ತು. ಕಿವಿಯ ಪಕ್ಕದಲ್ಲಿ ಡೋಲು ಬಾರಿಸಿದರೂ ಕಣ್ಣು ಪಿಳುಕಿಸುತ್ತಿರಲಿಲ್ಲ. ಆದರೆ ಹತ್ತುವ ಮದುಮಗ ಮಾತ್ರ ಸಿಗಲಿಲ್ಲ. ಬಾಡಿಗೆ ಮಾತಾಡಲು ಬಂದವರು ಬಿಳಿ ಬಣ್ಣಕ್ಕೆ ಮರುಳಾಗುತ್ತಿದ್ದರು, ಸಿದ್ರಾಮಪ್ಪನವರು ಎಲ್ಲಿಂದಲೋ ಬಂದು ಕೆಮ್ಮುತ್ತಿದ್ದರು, ಬಂದವರು ಕೆಂಪು ಕುದುರೆ ತೆಗೆದುಕೊಂಡು ಹೋಗುತ್ತಿದ್ದರು. ಆ ಕೆಂಪು ಕುದುರೆಗೆ ಎದೆಯ ಮೇಲೆ ಲಾಭದ ಸುಳಿ ಇತ್ತು, ಒದೆಯುವ ಚಟವೂ ಇತ್ತು. ಆ ಹಂಗಾಮದಲ್ಲಿ ಒಬ್ಬ ಬೀಗರ ಮೊಣಕಾಲು ಮುರಿಯಿತು. ಅದು ಅವರ ಹಣೆಬರಹ, ಸುಳಿಯದೇನೂ ತಪ್ಪಿಲ್ಲವೆಂದು ತೀರ್ಪಾಯಿತು.

ಹಂಗಾಮ ಮುಗಿಯುತ್ತ ಬಂತು. ಭಟ್ಟಿಯವನು ಬಂದು ರೇಶಮಾಳ ಕಾಲು ಮುಟ್ಟಿ ನೋಡಿ ಹೋದ. ಅಂದು ಉಸ್ತಾದರು ಊಟ ಮಾಡಲಿಲ್ಲ.

ಅದೇ ವಾರ ಮುಡಬಿಯಿಂದ ನನಗೊಂದು ಸಂಬಂಧ ಬಂತು. ಹುಡುಗಿ ಸೂಗಮ್ಮ, ತೊಗರಿ ಜೋಳ ಬೆಳೆಯುವ ಒಣ ಹೊಲದ ಮನೆಯವಳು. ನನ್ನಂಥವನಿಗೆ ಅವರು ಯಾಕೆ ಒಪ್ಪಿದರು ಎಂದು ಆಮೇಲೆ ತಿಳಿಯಿತು. ಅವಳ ನೆತ್ತಿಯ ಮೇಲೆ ಎರಡು ಸುಳಿ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂದು ಸಿದ್ರಾಮಪ್ಪನವರು ಹಿಂದೆ ಬಂದ ಬೀಗರೊಬ್ಬರಿಗೆ ಹೇಳಿಬಿಟ್ಟಿದ್ದರು. ಮೊದಲ ಗಂಡನಾಗಿ ಸಾಯಲು ಯಾರೂ ಮುಂದೆ ಬಂದಿರಲಿಲ್ಲ. ನಾನು ಬಾಸಿಂಗದ ದೋಷದವನು, ಅವಳು ಸುಳಿಯ ದೋಷದವಳು. ಹಿರಿಯರಿಗೆ ಜೋಡಿ ಚೆನ್ನಾಗಿ ಕಂಡಿತು.

ಮದುವೆ ನಿಂತಿತು, ಅಂದರೆ ನಿಶ್ಚಯವಾಯಿತು. ಸಾವಕಾರರು ಉದಾರವಾಗಿ, “ಕೆಂಪು ಕುದುರಿ ಒಯ್ಯೋ, ಬಾಡಗಿ ಬ್ಯಾಡ” ಎಂದರು.

“ರೇಶಮಾನ್ನ ಒಯ್ತೀನ್ರಿ” ಎಂದೆ.

ಅವರು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. “ನಿನ್ನ ಮದವಿ, ನಿನ್ನ ಅಳು” ಎಂದು ಒಳಗೆ ಹೋದರು.

ನಮ್ಮ ಕಡೆ ಮದುಮಗ ಮೊದಲು ಹೆಣ್ಣಿನ ಊರಿನ ಹನುಮಪ್ಪನ ಗುಡಿಯಲ್ಲಿ ಇಳಿದುಕೊಳ್ಳುತ್ತಾನೆ. ಹೆಣ್ಣಿನ ತಂದೆ ಅಲ್ಲಿಗೆ ಬಂದು ಅವನಿಗೂ ಕುದುರೆಗೂ ಕುಂಕುಮ ಹಚ್ಚಿ ಊರೊಳಗೆ ಕರೆದೊಯ್ಯಬೇಕು. ಕುಂಕುಮ ಬೀಳದೆ ಕುದುರೆ ಕಾಲಿಡುವಂತಿಲ್ಲ. ಮುಡಬಿಯ ಗುಡಿಯ ಮುಂದೆ ನಾನು ರೇಶಮಾಳ ಮೇಲೆ ಕೂತಿದ್ದೆ. ಉಸ್ತಾದರು ಟಾಂಗಾದಲ್ಲಿ ಬಂದು ಬೇವಿನ ಕೆಳಗೆ ಕೂತಿದ್ದರು. ನನ್ನ ಮಾವ ಕುಂಕುಮದ ತಟ್ಟೆ ಹಿಡಿದು ಬಂದರು. ಅವರ ಹಿಂದೆ ಹುಡುಗಿಯ ಸೋದರಮಾವ, ಅವನ ಪಕ್ಕದಲ್ಲಿ ಮದುವೆಗೆ ಕರೆಸಿಕೊಂಡ ದೊಡ್ಡ ಮನುಷ್ಯರು, ಸಿದ್ರಾಮಪ್ಪನವರು. ಅವರು ಕೆಮ್ಮಿದರು.

“ಈ ಕುದುರಿ ಮ್ಯಾಲ ಹುಡುಗ ಮನಿಗೆ ಬಂದ್ರ ನಾಳಿಂದ ಅಳೂದೇ ಅಳೂದು. ನನಗೇನು, ಹೇಳೂದು ನನ್ನ ಧರ್ಮ” ಎಂದರು.

ಸೋದರಮಾವ ತಟ್ಟೆ ಕಸಿದುಕೊಂಡ. “ಇಳೀರಿ ಅಳಿಯಂದ್ರ. ನಡಕೊಂಡು ಬರ್ರಿ, ಇಲ್ಲಾಂದ್ರ ಎತ್ತಿನ ಗಾಡಿ ತರಸ್ತೇವಿ.”

ನಾನು ಇಳಿದರೆ ಯಾವ ಮದುಮಗನೂ ರೇಶಮಾಳನ್ನು ಹತ್ತಿ ಊರು ಹೊಕ್ಕಂತೆ ಆಗುವುದಿಲ್ಲ. ಮರುದಿನವೇ ಭಟ್ಟಿ. ಇಳಿಯದಿದ್ದರೆ ಮದುವೆ ಮುರಿಯುತ್ತದೆ. ನನ್ನ ಅವ್ವ ಕಣ್ಣಲ್ಲೇ ‘ಇಳಿ’ ಎನ್ನುತ್ತಿದ್ದಳು. ಎರಡೂ ಕಡೆಯವರ ದನಿ ಏರಿತು, ಯಾರೋ ಸಿಟ್ಟಿಗೆದ್ದು ಡೋಲಿಗೆ ಗುದ್ದಿದರು, ಹುಡುಗರು ಇದೇ ಸಮಯವೆಂದು ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರು. ಗಾಡಿಯ ಎತ್ತುಗಳು ಕಣ್ಣಿ ಹರಿದುಕೊಂಡು ಓಡಿದವು. ರೇಶಮಾ ಕಿವಿ ಒಂದನ್ನು ನನ್ನ ಕಡೆ ತಿರುಗಿಸಿ ನಿಂತಿತ್ತು.

ಬೇವಿನ ಕೆಳಗಿಂದ ಉಸ್ತಾದರು ಹೇಳಿದರು: “ಲಗಾಮ ಜಗ್ಗಬ್ಯಾಡ ಬೇಟಾ, ಇಳೀಬ್ಯಾಡ. ಆಕಿ ನಿಂತಾಳ, ನೀನೂ ಸುಮ್ಮ ಕುಂಡ್ರು.”

ಸುಮ್ಮನೆ ಕೂತೆ. ಸುಮ್ಮನಿರುವವನ ಮುಂದೆ ಎಷ್ಟು ಹೊತ್ತು ಕೂಗಾಡಲು ಆಗುತ್ತದೆ? ಗದ್ದಲ ಇಳಿಯಿತು, ಆದರೆ ಕುಂಕುಮ ಬೀಳಲಿಲ್ಲ. ಅಷ್ಟರಲ್ಲಿ ಊರ ಕಡೆಯಿಂದ ಹೆಂಗಸರ ಗುಂಪು ಓಡಿ ಬಂತು. ಅವರ ಮುಂದೆ ಅರಿಶಿನದ ಮೈಯಲ್ಲಿ ಸೂಗಮ್ಮ. ಅಕ್ಷತೆಗೆ ಮೊದಲು ಹೆಣ್ಣು ಗುಡಿಯ ತನಕ ಬಂದು ಗಂಡಿನವರ ಎದುರು ನಿಲ್ಲುವುದು ನಮ್ಮಲ್ಲಿ ಕೇಳದ ಮಾತು. ಅವಳು ನನ್ನ ಕಡೆ ನೋಡಲೇ ಇಲ್ಲ. ನೇರ ಸೋದರಮಾವನ ಮುಂದೆ ನಿಂತಳು.

“ಮಾಮಾ, ಇದಕ ಕಣ್ಣಿನ ಕೆಳಗ ಅದ, ನನಗ ನೆತ್ತಿ ಮ್ಯಾಲ ಅದ. ಇದನ್ನ ಊರ ಹೊರಗ ಇಡೂದಾದ್ರ ನನ್ನ ಇಷ್ಟು ದಿನ ಯಾಕ ಒಳಗ ಇಟ್ಟೀರಿ?”

ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು. ಕುದುರೆ ಮುಟ್ಟಿ ಅಭ್ಯಾಸವಿಲ್ಲದವಳು ತುದಿಬೆರಳಲ್ಲಿ ಕುಂಕುಮ ತೆಗೆದುಕೊಂಡಳು. ಹಣೆಗೆ ಹಚ್ಚಲಿಲ್ಲ. ಎಡಗಣ್ಣಿನ ಕೆಳಗೆ, ಸುಳಿಯ ಮೇಲೆಯೇ ಹಚ್ಚಿದಳು. ರೇಶಮಾ ತಲೆ ತಗ್ಗಿಸಿ ಕೊಟ್ಟಿತು. ನನ್ನ ಮಾವ ರುಮಾಲು ತೆಗೆದು ಮುಖ ಒರೆಸಿಕೊಂಡು ಮುಂದೆ ನಡೆದರು. ಬಾಜಾದವರು ಬಾರಿಸಿದರು. ಅಷ್ಟು ದಿನ ಬೇರೆಯವರ ಮದುಮಕ್ಕಳಿಗಾಗಿ ಬಾಸಿಂಗ ಕಟ್ಟಿಕೊಂಡ ನನಗೆ ಅಂದು ಅದರ ಹೂವಿನ ಎಳೆಗಳು ಬಹಳ ಉಪಕಾರ ಮಾಡಿದವು. ಒಳಗೆ ನನ್ನ ಮುಖ ಹೇಗಾಗಿದೆ ಎಂದು ಯಾರಿಗೂ ಕಾಣಲಿಲ್ಲ.

ಮರಳಿ ಬಂದ ಮೇಲೆ ಸಾವಕಾರರು ತಕರಾರು ತೆಗೆದರು. ಸ್ವಂತ ತಬೇಲೆಯ ಆಳು ಹತ್ತಿದರೆ ಅದನ್ನು ಮದುಮಗನೆನ್ನಲಾಗದು ಎಂದರು. ಭಟ್ಟಿಯವನಿಗೆ ಮತ್ತೆ ಹೇಳಿ ಕಳಿಸುವವರಿದ್ದರು. ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ರಾಜೇಶ್ವರದ ಕುಂಟು ಕಾಲಿನ ದರ್ಜಿಯೊಬ್ಬ ಬಂದು, “ಮುಡಬಿಗೆ ಹೋಗಿತ್ತಲ್ರಿ, ಅದೇ ಕುದುರಿ ಬೇಕು” ಎಂದ. ಅವನ ಹಿಂದೆ ಮೂಲಾ ನಕ್ಷತ್ರದ ಹುಡುಗಿಯ ಅಣ್ಣ ಬಂದ. ಹೆಂಡತಿ ಸತ್ತವನು, ಮುಖದ ಮೇಲೆ ಸಿಡುಬಿನ ಕಲೆ ಇದ್ದವನು, ಜಾತಕ ಕಳೆದುಹೋದವನು, ಜಾತಕ ಇದ್ದೂ ತೋರಿಸಲು ಅಂಜುವವನು ಎಲ್ಲರೂ ಬಂದರು. ದೋಷವಿಲ್ಲದವರು ಇಡೀ ತಾಲೂಕಿನಲ್ಲಿ ಕೆಂಪು ಕುದುರೆಗೆ ಸಾಲುವಷ್ಟೂ ಇರಲಿಲ್ಲ ಎಂದು ಆಗ ತಿಳಿಯಿತು. ಸಾವಕಾರರಿಗೆ ಸುಳಿಯ ಮೇಲಿದ್ದ ನಂಬಿಕೆ ಒಂದೇ ಹಂಗಾಮದಲ್ಲಿ ಕರಗಿತು. ತಾನು ಮೊದಲಿಂದಲೂ ಇವನ್ನೆಲ್ಲ ನಂಬುವವನಲ್ಲ ಎಂದು ಹೇಳತೊಡಗಿದರು.

ಉಸ್ತಾದರು ಕೆಲವು ವರ್ಷ ಇದನ್ನೆಲ್ಲ ಗೋಣಿಯ ಮೇಲೆ ಕೂತು ನೋಡಿದರು, ಒಂದು ಮಳೆಗಾಲದಲ್ಲಿ ಹೋದರು. ನನ್ನ ಸ್ವಂತ ಅಪ್ಪ ಹೋದಾಗ ನಾನು ಅಷ್ಟು ಅತ್ತಿರಲಿಲ್ಲ. ಅವರ ಜನಾಜಾ ತಬೇಲೆಯ ಮುಂದೆ ಹಾದಾಗ ಕಚ್ಚುವ ಕುದುರೆಯೂ ಮೇವು ಬಿಟ್ಟು ನಿಂತಿತ್ತು ಎಂದು ಬರೆಯಬಹುದು. ಓದುವವರಿಗೆ ಇಷ್ಟವಾಗುತ್ತದೆ. ಆದರೆ ಅದು ಮೇವು ತಿನ್ನುತ್ತಲೇ ಇತ್ತು. ಉಸ್ತಾದರು ಕಲಿಸಿದ್ದೇ ಹಾಗೆ, ಯಾವ ಗದ್ದಲಕ್ಕೂ ಮೇವು ಬಿಡಬಾರದು ಎಂದು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಆಟೋಗಳು ಬಂದು ಟಾಂಗಾಗಳು ಮೂಲೆ ಸೇರಿದವು. ಬಾಜಾದವರ ಜೊತೆ ಧ್ವನಿವರ್ಧಕ ಬಂತು, ಕುದುರೆಯನ್ನು ಕುಣಿಸಬೇಕೆಂಬ ಹೊಸ ಹುಚ್ಚೂ ಬಂತು. ರೇಶಮಾ ಮುದುಕಿಯಾಗಿದ್ದಳು. ಹತ್ತಿರದ ಮದುವೆಗಳಿಗೆ ಮಾತ್ರ, ಹಗುರಾದ ಮದುಮಗನಿದ್ದರೆ ಮಾತ್ರ ಕಳಿಸುತ್ತಿದ್ದೆ. ಒಂದು ಸಂಜೆ ನಾನು ಅವಳ ಗೊರಸು ಕೆರೆಯುತ್ತಿದ್ದಾಗ ಹಿಂದಿನಿಂದ ಕೆಮ್ಮು ಕೇಳಿಸಿತು.

ಸಿದ್ರಾಮಪ್ಪನವರು ಬಾಗಿಲಲ್ಲಿ ನಿಂತಿದ್ದರು. ಅವರ ಮಗಳು ಮಹಾದೇವಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ಹುಟ್ಟಿದ ಕೂಸಿನ ನೆತ್ತಿ ನೋಡಿ, ಇವಳ ಸುಳಿ ಗಂಡನ ಮನೆಗೆ ಆಗದು ಎಂದು ತೊಟ್ಟಿಲ ಶಾಸ್ತ್ರಕ್ಕೆ ಬಂದವರ ಮುಂದೆ ತಾವೇ ಹೇಳಿದ್ದರಂತೆ. ಶಾಸ್ತ್ರಕ್ಕೆ ಸ್ವಂತ ಮಗಳೂ ಒಂದೇ ಎಂದು ಊರು ಹೊಗಳಿತ್ತು. ಹೊಗಳಿದ ಊರು ಸಂಬಂಧ ಮಾತ್ರ ತರಲಿಲ್ಲ. ಮಹಾದೇವಿಯ ತಲೆಯಲ್ಲಿ ಆಗಲೇ ಬಿಳಿ ಎಳೆಗಳಿದ್ದವು.

ಅವರಿಗಾಗಿ ನಾನು ಎಷ್ಟೋ ವರ್ಷಗಳಿಂದ ಮಾತುಗಳನ್ನು ಮಸೆದು ಇಟ್ಟಿದ್ದೆ. ಒಳ್ಳೊಳ್ಳೆಯ ಮಾತುಗಳು, ಒಂದೊಂದೂ ಎಲುಬಿಗೆ ನಾಟುವಂಥವು. ಎದ್ದು ನಿಂತೆ. ಅವರ ಕಣ್ಣು ನೋಡಿದೆ. ಕೈ ಎತ್ತಿದರೆ ನಡುಗುವ ಕುದುರೆಯ ಕಣ್ಣು ಹೇಗಿರುತ್ತದೆ ಎಂದು ನನಗೆ ಗೊತ್ತು. ಮತ್ತೆ ಕೂತೆ, ಬೆನ್ನು ಹಾಕಿ ಗೊರಸು ಕೆರೆಯತೊಡಗಿದೆ.

ಬಹಳ ಹೊತ್ತಿನ ಮೇಲೆ ಅವರು ಹತ್ತಿರ ಬಂದರು.

“ಶರಣಪ್ಪ, ಮಗಳದು ಕೂಡಿ ಬಂದದ. ಹುಡುಗ ಸಾಲಿ ಮಾಸ್ತರ. ಅವರಿಗೆ ಸುಳಿ ಗಿಳಿ ಏನೂ ಬ್ಯಾಡಂತ. ಬಿಳಿ ಕುದುರಿ ತರ್ರಿ ಅಂದಾರ.”

“ತರ್ತೀನ್ರಿ.”

“ಊರ ಮಂದಿ ಏನಂತಾರ?”

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಅದನ್ನು ಬಿಟ್ಟು ಇನ್ನೊಂದು ಗೊರಸು ಎತ್ತಿಕೊಂಡೆ.

ಮದುವೆಯ ದಿನ ಹುಮನಾಬಾದಿನ ಹನುಮಪ್ಪನ ಗುಡಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಅಷ್ಟು ಜನ ಮದುಮಗನನ್ನು ನೋಡಲು ಬಂದವರಲ್ಲ. ಸಿದ್ರಾಮಪ್ಪನವರು ಕುಂಕುಮದ ತಟ್ಟೆ ಹಿಡಿದು ಬಂದರು. ಮಾಸ್ತರನ ಹಣೆಗೆ ಹಚ್ಚಿದರು. ರೇಶಮಾಳ ಮುಂದೆ ಬಂದು ನಿಂತರು. ಗುಂಪಿನಲ್ಲಿ ಯಾರೋ, ಬೇಕೆಂದೇ ದೊಡ್ಡ ದನಿಯಲ್ಲಿ ಕೇಳಿದರು:

“ಸಿದ್ರಾಮಪ್ಪನವರ, ಸುಳಿ ಹ್ಯಾಂಗದ್ರಿ?”

ನಗು ಎದ್ದಿತು. ಅವರು ಕೆಮ್ಮಲಿಲ್ಲ. ಎಡಗೈಯಿಂದ ರೇಶಮಾಳ ಕೆನ್ನೆ ಹಿಡಿದು ಬಗ್ಗಿ ನೋಡಿದರು. ಜೀವನವಿಡೀ ಬೆರಳಿನಿಂದ ಕೂದಲು ಸವರಿ ಸುಳಿ ಹುಡುಕಿದ ಕೈ ಅದು.

“ನನಗ ಕಣ್ಣ ಸರಿ ಕಾಣವಲ್ದು” ಎಂದರು.

ನಿಜವಾಗಿಯೂ ಕಾಣುತ್ತಿರಲಿಲ್ಲ. ಕಣ್ಣು ತುಂಬಿ ಹರಿಯುತ್ತಿತ್ತು. ಕುಂಕುಮದ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಕೆಂಪು ಮಾಡಿಕೊಂಡರು. ನಗು ನಿಂತಿತು. ನನ್ನ ಕೈಯಲ್ಲಿದ್ದ ಲಗಾಮಿಗೆ ಅವರು ಕೈ ಚಾಚಿದರು. ಹೆಣ್ಣಿನ ತಂದೆ ಕುದುರೆ ಹಿಡಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೂ ಕೊಟ್ಟೆ. ಅವರು ಎಳೆಯಲಿಲ್ಲ. ಮನೆಯ ಕಡೆ ಮುಖ ಮಾಡಿ, ರೇಶಮಾಳ ಕುತ್ತಿಗೆಯ ಪಕ್ಕದಲ್ಲಿ ನಿಂತು ಹೇಳಿದರು:

“ಬಾ ತಾಯಿ, ಹೊತ್ತಾಗೇದ. ಮಗಳು ಕಾಯಾಕತ್ಯಾಳ.”